ಚಳಿಗಾಲದಾಗ ಕಂಪ್ಯೂಟರ್ ಮುಟ್ಟಿದರ ‘ಚಟ್’ ಅಂತೈತೇನ್ರಿ?

ಈ ವಾರ ಬೆಳೆ ವಿಷಯ ಬಿಟ್ಟು ಮನೆಯೊಳಗಿನ ಒಂದು ಮಾತು. ನಮ್ಮ ಕಡೆ ಈಗ ಬಹಳ ಮನೆಗಳಲ್ಲಿ ಹಳೇದೋ ಹೊಸದೋ ಒಂದು ಕಂಪ್ಯೂಟರ್ ಇದೆ. ಪಹಣಿ ತೆಗೆಯೋದು, ಕಬ್ಬಿನ ಬಿಲ್ಲಿನ ಲೆಕ್ಕ, ಎಪಿಎಂಸಿ ದರ ನೋಡೋದು, ತಮ್ಮ ತಂಗಿಯರ ಓದು ಎಲ್ಲಾ ಅದರ ಮ್ಯಾಲೇ ನಡೀತೈತಿ. ನಂದೂ ಹಂಗೇ. ಸವದತ್ತಿ ತಾಲೂಕಿನ ಕರಿಮಣ್ಣಿನ ಸೀಮೆಯವ ನಾನು.

ಹೋದ ಜನವರಿಯಲ್ಲಿ, ಕಡಲೆ ಕೀಳೋ ಹೊತ್ತಿಗೆ, ಕಂಪ್ಯೂಟರ್ ನಿಧಾನ ಆಗೇತಿ ಅಂತ ಹೊಸ ರ‍್ಯಾಮ್ ತಂದೆ. ಹಾಕೋದು ಏನ್ ದೊಡ್ಡ ಕೆಲಸ, ವಿಡಿಯೋ ನೋಡಿದರ ಸಾಕು ಅಂತ ಕುಂತೆ. ಮೈಮೇಲೆ ಉಲ್ಲನ್‌ನಂಥದೇ ಕಾಣೋ ನೈಲಾನ್ ಸ್ವೆಟರ್, ಕಾಲಲ್ಲಿ ಹವಾಯಿ ಚಪ್ಪಲಿ, ಕೆಳಗೆ ಪ್ಲಾಸ್ಟಿಕ್ ಕುರ್ಚಿ. ರ‍್ಯಾಮ್ ಹಿಡಿದ ಕೈ ಒಳಗೆ ಹೋಗ್ತಿದ್ದಂಗ ಬೆರಳ ತುದಿಗೆ ಸಣ್ಣಗೆ ‘ಚಟ್’ ಅಂತು. ಅಷ್ಟೇ. ಆಮೇಲೆ ಸ್ವಿಚ್ ಹಾಕಿದರೆ ಬೀಪ್ ಬೀಪ್ ಅಂತ ಕೂಗಿತೇ ಹೊರತು ಪರದೆ ಬೆಳಗಲಿಲ್ಲ. ಹಳೇ ರ‍್ಯಾಮ್ ಒಂದನ್ನೇ ಹಾಕಿದಾಗ ಮತ್ತೆ ಶುರುವಾಯಿತು. ಹೊಸದು ಸತ್ತಿತ್ತು. ಅಂಗಡಿಯವನದೇನೂ ತಪ್ಪಿಲ್ಲ, ಕೊಂದವ ನಾನೇ.

ಇದಕ್ಕೆ ಸ್ಥಿರ ವಿದ್ಯುತ್ ಅಂತಾರೆ. ಎರಡು ವಸ್ತು ಒಂದಕ್ಕೊಂದು ತಾಗಿ, ತಿಕ್ಕಿ, ಬೇರೆ ಆದಾಗ ಒಂದರ ಮೇಲಿನ ಎಲೆಕ್ಟ್ರಾನ್ ಇನ್ನೊಂದಕ್ಕೆ ಹೋಗಿ ಕೂರುತ್ತವೆ. ಗಾಳಿಯಲ್ಲಿ ತೇವ ಇದ್ದರೆ ಆ ಚಾರ್ಜ್ ತಾನೇ ಸೋರಿ ಹೋಗುತ್ತದೆ. ದೀಪಾವಳಿಯಿಂದ ಶಿವರಾತ್ರಿ ತನಕ ಸವದತ್ತಿ, ರಾಮದುರ್ಗದ ಬಯಲಿನಲ್ಲಿ ಗಾಳಿ ಎಷ್ಟು ಒಣಗಿರ್ತೈತಿ ಅಂತ ಒಡೆದ ತುಟಿಗಳೇ ಹೇಳ್ತಾವ. ಮಲೆನಾಡಿನ ಸೆರಗಿನಲ್ಲಿರೋ ಕಿತ್ತೂರಿನವರಿಗೆ ಈ ಕಾಟ ಸ್ವಲ್ಪ ಕಡಿಮೆ. ಬೈಲಹೊಂಗಲ ಕಡೆ ಹತ್ತಿ ಬಿಡಿಸಿದವರು ನೋಡಿರ್ತೀರಿ, ಪಾಲಿಯೆಸ್ಟರ್ ಅಂಗಿಗೆ ಹತ್ತಿಯ ಎಳೆ ಎಷ್ಟು ಕೊಡವಿದರೂ ಬಿಡೂದಿಲ್ಲ. ಅದೂ ಇದೇ ಆಟ.

ಕೂದಲು ಬಾಚಿದ ಹಣಿಗೆ ಕಾಗದದ ಚೂರು ಎಳೆದರೆ ನಗ್ತೀವಿ. ಆದರೆ ಲೆಕ್ಕ ನೋಡ್ರಿ: ನಮ್ಮ ಬೆರಳಿಗೆ ‘ಚಟ್’ ಅಂತ ಗೊತ್ತಾಗೋದೇ ಸುಮಾರು 3,000 ವೋಲ್ಟ್ ಆದ ಮೇಲೆ. ಅಷ್ಟು ವೋಲ್ಟ್ ಇದ್ದರೂ ನಾವು ಸಾಯೋದಿಲ್ಲ, ಯಾಕಂದ್ರ ಚಾರ್ಜ್ ಬಹಳ ಕಡಿಮೆ. ಮಾಳಿಗೆ ಮೇಲಿಂದ ಬಿದ್ದ ಒಂದು ಹನಿ ನೀರು ಇದ್ದಂಗ. ಆದರೆ ಕೆಲವು ಚಿಪ್‌ಗಳಿಗೆ 100 ವೋಲ್ಟೂ ಹೆಚ್ಚೇ. ಅಂದರೆ ನಿಮಗೆ ಏನೂ ತಿಳಿಯದಂಗನೇ ಚಿಪ್ ಕೆಡಬಹುದು. ಕೆಲವೊಮ್ಮೆ ಪೂರ್ತಿ ಸಾಯದೆ ಅರೆಜೀವ ಆಗಿ, ನಾಲ್ಕು ತಿಂಗಳ ಮೇಲೆ ಕಾರಣ ಇಲ್ಲದೆ ಹ್ಯಾಂಗ್ ಆಗತೊಡಗುತ್ತದೆ.

ತಡೆಯೋದು ಕಷ್ಟ ಏನಿಲ್ಲ. ಕ್ಯಾಬಿನೆಟ್ ಬಿಚ್ಚೋ ಮುಂಚೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಬಿಡ್ರಿ. ‘ಪ್ಲಗ್ ಇರಲಿ, ಅರ್ಥ್ ಸಿಗ್ತೈತಿ’ ಅಂತ ಕೆಲವರು ಹೇಳ್ತಾರೆ. ನಮ್ಮ ಹಳ್ಳಿ ಮನೆಗಳ ವೈರಿಂಗ್ ನಂಬಿ ಆ ಮಾತು ಕೇಳಬ್ಯಾಡ್ರಿ. ಇಲ್ಲಿ ಬೇಕಾದ್ದು ಭೂಮಿಯ ಸಂಪರ್ಕಕ್ಕಿಂತ ಹೆಚ್ಚಾಗಿ, ನಿಮ್ಮ ಮೈ ಮತ್ತು ಕಂಪ್ಯೂಟರಿನ ಚಾರ್ಜ್ ಒಂದೇ ಮಟ್ಟಕ್ಕೆ ಬರೋದು. ಅದಕ್ಕೆ ಒಳಗಿನ ಬಣ್ಣ ಇಲ್ಲದ ಕಬ್ಬಿಣದ ಭಾಗವನ್ನು ಮುಟ್ಟಿದರೆ ಸಾಕು. ಕೆಲಸ ಮುಗಿಯೋ ತನಕ ಒಂದು ಕೈ ಅದಕ್ಕೆ ತಾಗಿಸಿಕೊಂಡೇ ಇರ್ರಿ. ಎದ್ದು ಹೋಗಿ ಬಂದರೆ ಮತ್ತೆ ಮುಟ್ರಿ. ಹತ್ತಿ ಅಂಗಿ, ಬರಿಗಾಲು, ಕಟ್ಟಿಗೆಯ ಸ್ಟೂಲು. ಅವ್ವ ಸಗಣಿ ಸಾರಿಸಿದ ನೆಲ ಇದ್ದರಂತೂ ಬಹಳ ಚಲೋ. ರ‍್ಯಾಮನ್ನು ಅಂಚು ಹಿಡಿದು ಎತ್ರಿ, ಬಂಗಾರದ ಬಣ್ಣದ ಹಲ್ಲು ಮುಟ್ಟಬ್ಯಾಡ್ರಿ. ಹಾಕೋ ತನಕ ಅದು ಬಂದ ಬೆಳ್ಳಿ ಬಣ್ಣದ ಚೀಲದ ಒಳಗೇ ಇರಲಿ. ಚೀಲದ ಮೇಲೆ ಇಟ್ಟರೆ ಉಪಯೋಗ ಇಲ್ಲ.

ಮಣಿಕಟ್ಟಿಗೆ ಕಟ್ಟೋ ಪಟ್ಟಿ ಸಿಗ್ತೈತಿ. ಅದರೊಳಗೆ ಸುಮಾರು 10 ಲಕ್ಷ ಓಮ್ ರೆಸಿಸ್ಟರ್ ಇರುತ್ತದೆ, ಅಕಸ್ಮಾತ್ ಕರೆಂಟ್ ತಾಗಿದರೆ ಜೀವ ಉಳಿಸೋದು ಅದೇ. ಅದರ ಬದಲಿಗೆ ತಾಮ್ರದ ತಂತಿ ಕೈಗೆ ಸುತ್ತಿಕೊಳ್ಳೋ ಜಾಣತನ ಬ್ಯಾಡ. ಒಳಗೆ ಕುಂತ ರಾಶಿ ಧೂಳನ್ನು ಮೆತ್ತನ್ನ ಕೂದಲಿನ ಬ್ರಷ್‌ನಿಂದ ತೆಗೀರಿ, ನೈಲಾನ್ ಬ್ರಷ್ ಬ್ಯಾಡ. ಕೋಣೆಯಲ್ಲಿ ಬಕೆಟ್ ನೀರು ಇಟ್ಟರೆ ತೇವ ಆಗ್ತೈತಿ ಅಂತಾರೆ. ನಾನೂ ಇಟ್ಟು ನೋಡಿದೆ, ಬೆಕ್ಕಿಗೆ ಕುಡಿಯಾಕ ಅನುಕೂಲ ಆತು, ಅಷ್ಟೇ.

ಇನ್ನ ಮುಖ್ಯ ವಿಷಯ. ರ‍್ಯಾಮ್ ಕಥೆ ಆದ ಮೇಲೆ ಅವ್ವ ಒಂದಿನ ನೆಲ ಒರೆಸುವಾಗ ಕ್ಯಾಬಿನೆಟ್ ತಾಗಿ ‘ಜುಮ್ ಅಂತೈತೋ’ ಅಂದಳು. ನಾನು ದೊಡ್ಡ ಶ್ಯಾಣ್ಯಾನಂಗ, ‘ಅದು ಸ್ಟ್ಯಾಟಿಕ್ ಬೇ, ಏನೂ ಆಗೂದಿಲ್ಲ’ ಅಂದೆ. ಎರಡನೇ ಸಲ ಹೇಳಿದಾಗ ವೈರ್‌ಮನ್ ಕಾಕಾನ್ನ ಕರೆಸಿದೆ. ಟೆಸ್ಟರ್ ಇಟ್ಟರೆ ಕ್ಯಾಬಿನೆಟ್ ಮೇಲೆ ದೀಪ ಹತ್ತಿತು. ಬೋರ್ಡ್ ಬಿಚ್ಚಿದರೆ ಅರ್ಥ್ ವೈರ್ ಯಾವುದಕ್ಕೂ ಸೇರದೆ ಜೋತಾಡ್ತಿತ್ತು.

ವ್ಯತ್ಯಾಸ ಹಿಂಗೈತಿ. ಸ್ಥಿರ ವಿದ್ಯುತ್ ಒಂದೇ ಸಲ ‘ಚಟ್’ ಅಂದು ಮುಗೀತೈತಿ, ಕೂಡಲೇ ಮತ್ತೆ ಮುಟ್ಟಿದರೆ ಏನೂ ಇರೂದಿಲ್ಲ. ಬಾಗಿಲ ಚಿಲಕ ಮುಟ್ಟಿದರೂ ಬರಬಹುದು. ಬರಿಗಾಲಲ್ಲಿ ಕಡಿಮೆ. ಸೋರೋ ಕರೆಂಟ್ ಇದಕ್ಕೆ ಪೂರಾ ಉಲ್ಟಾ: ಮುಟ್ಟಿದಾಗೆಲ್ಲಾ ಜುಮ್ ಅಂತೈತಿ, ಬರಿಗಾಲು ಮತ್ತು ಹಸಿ ನೆಲದ ಮೇಲೆ ಜೋರು, ಪ್ಲಗ್ ಕಿತ್ತರೆ ನಿಲ್ತೈತಿ. ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಅರ್ಥ್ ಪಿನ್ ಮೂಲಕ ಹರಿಬಿಡುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಡಬ್ಬಿಯ ಮೇಲೇ ನಿಂತು, 230 ವೋಲ್ಟಿನ ಅರ್ಧದಷ್ಟು ತೋರಿಸುತ್ತದೆ. ಬರೀ ಇಷ್ಟೇ ಇದ್ದರೆ ಜುಮ್ ಅನ್ನೋದಕ್ಕೇ ಮುಗಿಯಬಹುದು. ಆದರೆ ಒಳಗೆ ಇನ್ಸುಲೇಷನ್ ಕೆಟ್ಟ ದಿನ ಅದೇ ಡಬ್ಬಿ ಜೀವ ತೆಗೀತೈತಿ. ಹಂಗಾಗಿ ಪ್ಲಗ್ಗಿನ ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ತುರುಕೋದು ಬಿಡ್ರಿ.

ಅರ್ಥ್ ಇದ್ದವರೂ ಬೇಸಿಗೆಗೆ ಮುಂಚೆ ಒಮ್ಮೆ ನೋಡ್ರಿ. ನಮ್ಮ ಕರಿಮಣ್ಣು ಹಸಿ ಇದ್ದಾಗ ಕರೆಂಟನ್ನು ಚಲೋ ಎಳ್ಕೋತೈತಿ, ಒಣಗಿದರೆ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿದು ನಿಲ್ತೈತಿ. ಕಾಕಾ ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿಯೋ ಕಡೆ ಎರಡೂವರೆ ಮೀಟರ್ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದ. ಉಪ್ಪಿಗೆ ಪೈಪ್ ತುಕ್ಕು ಹಿಡೀತೈತಿ, ಅದಕ್ಕೆ ಕೆಲವು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು ಅಂದ. ಈಗ ವಾರಕ್ಕೊಮ್ಮೆ ಅದಕ್ಕೆ ಎರಡು ಕೊಡ ನೀರು ಹಾಕ್ತೀನಿ. ಹೊಲದ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿಗೂ ಅರ್ಥ್ ಕಿತ್ತು ಹೋಗಿದ್ದು ಆಗಲೇ ಕಣ್ಣಿಗೆ ಬಿತ್ತು. ಮರುದಿನವೇ ಕಾಕಾನ್ನ ಗಾಡಿ ಮೇಲೆ ಕೂಡಿಸ್ಕೊಂಡು ಹೊಲಕ್ಕೆ ಹೋದೆ.