ಓವನ್ನಿನ ಕಾವನ್ನು ಅರಿಯುವ ತಂತಿ

ಓವನ್ನಿನ ಫಲಕವು 180 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೂ ಬ್ರೆಡ್ಡಿನ ಒಡಲು ಹಸಿಯಾಗಿಯೇ ಉಳಿದರೆ ದೋಷವೆಲ್ಲಿ? ನಮ್ಮ ಮನೆಯಲ್ಲಿ ಹೀಗಾದಾಗ, ಕಾವನ್ನು ಅರಿಯುವ ಸಂವೇದಕವನ್ನೇ ಬದಲಿಸಬೇಕೆಂದು ಹಲವರು ಹೇಳಿದರು. ನಾವು ಮೊದಲು ಅಳೆದು ನೋಡಲು ನಿಶ್ಚಯಿಸಿದೆವು.

ಇಂತಹ ಅನೇಕ ಓವನ್‌ಗಳ ಸಂವೇದಕವು ಪ್ಲಾಟಿನಂ ಲೋಹದ್ದು. ಕಾವೇರಿದಂತೆ ಅದರ ವಿದ್ಯುತ್ ರೋಧವೂ ಏರುತ್ತದೆ. ಈ ಗುಣದಿಂದ ನಿಖರವಾದ ಉಷ್ಣತಾಮಾಪಕ ಸಾಧ್ಯವೆಂದು ಇಂಗ್ಲೆಂಡಿನ ಕ್ಯಾಲೆಂಡರನು 1887ರಲ್ಲಿ ತೋರಿಸಿಕೊಟ್ಟನು. ನಮ್ಮ ಓವನ್ನಿನ ಸಂವೇದಕದ ರೋಧವು 0 ಡಿಗ್ರಿಯಲ್ಲಿ 1000 ಓಮ್. 25 ಡಿಗ್ರಿಯಲ್ಲಿ 1097, 180 ಡಿಗ್ರಿಯಲ್ಲಿ 1685 ಓಮ್ ಇರತಕ್ಕದ್ದು.

ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತಪ್ಪಿಸಿ, ಓವನ್ ತಣಿದು ಕೋಣೆಯ 25 ಡಿಗ್ರಿಗೆ ಇಳಿದ ಮೇಲೆ, ನಿಯಂತ್ರಕದಿಂದ ಬಿಡಿಸಿದ ತಂತಿಗಳ ತುದಿಗೆ ಮಲ್ಟಿಮೀಟರನ್ನು ಜೋಡಿಸಿದೆವು. ಕಂಡದ್ದು 1190 ಓಮ್. ಅಂದರೆ 93 ಓಮ್ ಅಧಿಕ! ಆದರೆ ಸಂವೇದಕವೊಂದನ್ನೇ ಅಳೆದಾಗ 1097 ಓಮ್ ಸರಿಯಾಗಿಯೇ ಬಂದಿತು. ಹೆಚ್ಚಿನ ರೋಧವೆಲ್ಲವೂ ಕಿಲುಬು ಹಿಡಿದ ನಡುವಣ ಜೋಡಣೆಯದು.

ನಿಯಂತ್ರಕವು ಒಟ್ಟು ರೋಧವನ್ನು ಮಾತ್ರ ಬಲ್ಲದು. ಆದುದರಿಂದ ನಿಜವಾದ ಕಾವು 155 ಡಿಗ್ರಿ ಮುಟ್ಟುವಾಗಲೇ ಅದು 180 ಆಯಿತೆಂದು ವಿದ್ಯುತ್ತನ್ನು ನಿಲ್ಲಿಸುತ್ತಿದ್ದಿತು. ಜೋಡಣೆಯನ್ನು ಬದಲಿಸಿದೆವು, ಬ್ರೆಡ್ಡು ಚೆನ್ನಾಗಿ ಬೆಂದಿತು. ಸಂವೇದಕವನ್ನಷ್ಟೇ ಬದಲಿಸಿದ್ದರೆ ಹಣವೂ ವ್ಯರ್ಥ, ದೋಷವೂ ಅಲ್ಲಿಯೇ. ಮಂಡಲವನ್ನು ಭಾಗಭಾಗವಾಗಿ ಅಳೆಯುವ ಪ್ರಯೋಗಶಾಲೆಯ ಪಾಠವು ಅಡಿಗೆಮನೆಗೂ ಸಲ್ಲುತ್ತದೆ.