ಐಸಿಯು ದಿನಗಳಿಗೊಂದು ದಿನಚರಿ

ವೆಂಟಿಲೇಟರ್ ಮೇಲಿದ್ದು ಬದುಕಿ ಬಂದ ಅನೇಕರಿಗೆ ಐಸಿಯುನಲ್ಲಿ ಕಳೆದ ದಿನಗಳು ನೆನಪಿರುವುದಿಲ್ಲ. ಉಳಿಯುವುದು ಸನ್ನಿಯಲ್ಲಿ ಕಂಡ ಭಯಂಕರ ಭ್ರಮೆಗಳು. ಆ ದಿನಗಳಲ್ಲಿ ನಿಜವಾಗಿ ನಡೆದದ್ದನ್ನು ದಾದಿಯರೂ ಮನೆಯವರೂ ಸರಳ ಮಾತಿನಲ್ಲಿ ಬರೆದಿಟ್ಟು, ಗುಣವಾದ ಮೇಲೆ ರೋಗಿಗೆ ಕೊಡುವ ಪದ್ಧತಿ ಸ್ಕ್ಯಾಂಡಿನೇವಿಯಾದಲ್ಲಿ ಬೆಳೆಯಿತು. 2010ರಲ್ಲಿ ಪ್ರಕಟವಾದ, ಯುರೋಪಿನ 352 ರೋಗಿಗಳ ಅಧ್ಯಯನದಲ್ಲಿ ದಿನಚರಿ ಪಡೆದವರ ಪೈಕಿ ಶೇ. 5ರಷ್ಟು, ಪಡೆಯದವರ ಪೈಕಿ ಶೇ. 13ರಷ್ಟು ಮಂದಿಗೆ ಆಘಾತೋತ್ತರ ಮನೋವ್ಯಾಧಿ ಹೊಸದಾಗಿ ಕಾಣಿಸಿತು. 2019ರ ಫ್ರೆಂಚ್ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದಿನಚರಿ ಚಿಕಿತ್ಸೆಗೆ ಬದಲಿಯಲ್ಲ. ಆದರೂ ಬೇಕಾಗುವುದು ಒಂದು ನೋಟ್‌ಬುಕ್ ಮಾತ್ರ. ಮೂಗೂರಿನಂಥ ಹಳ್ಳಿಯಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಬಂದು ಹೊರಗೆ ಕಾಯುವವರೂ ಇದನ್ನು ಬರೆಯಬಹುದು: ಯಾರು ನೋಡಲು ಬಂದರು, ಗಂಟಲ ಕೊಳವೆ ಎಂದು ತೆಗೆದರು, ಊರಲ್ಲಿ ಮಳೆಯಾಯಿತೇ. ಬರೆಯಲು ಬಾರದವರು ಹೇಳಿ ಬರೆಸಬಹುದು. ಕೊಡುವಾಗ ಆತುರ ಬೇಡ; ರೋಗಿ ಬಯಸಿದಾಗ ಜೊತೆಯಲ್ಲಿ ಕೂತು ಓದಿ.