ಚಿನ್ನ ಹುಡುಕುವ ಯಂತ್ರ: ಹಣ ಕೊಡುವ ಮುನ್ನ

ಹೈದರಾಬಾದ್: ಬೇಸಿಗೆ ರಜೆಗೆ ರಾಯಚೂರು, ಕಲಬುರಗಿ, ಬೀದರ್ ಕಡೆಯ ಊರುಗಳಿಗೆ ಹೋಗುವ ನಗರದ ಕನ್ನಡಿಗರಿಗೆ, ಹೊಲದಲ್ಲಿ ನಿಧಿಯಿದೆ, ಮೆಟಲ್ ಡಿಟೆಕ್ಟರ್ ತಂದು ತೋರಿಸುತ್ತೇವೆ ಎನ್ನುವವರು ಎದುರಾಗುವುದುಂಟು. ಮುಂಗಡ ಎಣಿಸುವ ಮೊದಲು ಕೆಲವು ಸಂಗತಿ ತಿಳಿದಿರುವುದು ಒಳ್ಳೆಯದು.

ನಮ್ಮ ಸೀಮೆಯಲ್ಲಿ ಚಿನ್ನವಿರುವುದು ಸುಳ್ಳಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗಣಿ ತೋಡಿದ್ದರು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡವರು ಚಿನ್ನದ ಗಣಿ ಇಂಜಿನಿಯರ್ ಸಿ. ಬೀಡನ್. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ಆರಂಭವಾದ ಕಂಪನಿಯೇ ಇಂದಿನ ಹಟ್ಟಿ ಚಿನ್ನದ ಗಣಿ. ಆದರೆ ಅಲ್ಲಿನ ಚಿನ್ನ ಬಂಡೆಯೊಳಗೆ ಅತಿ ಸಣ್ಣ ಕಣಗಳಾಗಿ ಸೇರಿಕೊಂಡಿದೆ. ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಇದನ್ನು ಕೈಯಲ್ಲಿ ಹಿಡಿಯುವ ಯಂತ್ರ ಗುರುತಿಸಲಾರದು. ಆಸ್ಟ್ರೇಲಿಯಾದಲ್ಲಿ ಯಂತ್ರಕ್ಕೆ ಸಿಗುವುದು ಗಟ್ಟಿ ಚಿನ್ನದ ತುಂಡುಗಳು.

ಯಂತ್ರದ ಸುರುಳಿ ಕಾಂತಕ್ಷೇತ್ರ ಉಂಟುಮಾಡುತ್ತದೆ. ನೆಲದಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟಿ ಯಂತ್ರ ಕೂಗುತ್ತದೆ. ನಾಣ್ಯದಷ್ಟು ವಸ್ತು ಸಾಮಾನ್ಯ ಯಂತ್ರಕ್ಕೆ ಸುಮಾರು ಒಂದಡಿಯೊಳಗೆ ಮಾತ್ರ ತಿಳಿಯುತ್ತದೆ. ಉಂಗುರಕ್ಕೂ ಸಿಗರೇಟ್ ಪ್ಯಾಕಿನ ತಗಡಿಗೂ ಒಂದೇ ಬಗೆಯ ದನಿ ಬರಬಹುದು. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಸುಳ್ಳು ಕೂಗು ಹೆಚ್ಚು. ದೂರದಿಂದಲೇ ಚಿನ್ನದ ದಿಕ್ಕು ತೋರಿಸುವ ಕಡ್ಡಿ ಯಂತ್ರಗಳಿಗಂತೂ ವೈಜ್ಞಾನಿಕ ಆಧಾರವೇ ಇಲ್ಲ.

ಹೊಲದಲ್ಲೋ ಹಿತ್ತಲಲ್ಲೋ ಕಳೆದ ಓಲೆ, ಉಂಗುರ ಹುಡುಕಲು ಮಾತ್ರ ಈ ಯಂತ್ರ ನಿಜಕ್ಕೂ ಉಪಯೋಗಿ. ಮೊದಲು ಅಂಥದೇ ಒಡವೆಯನ್ನು ಮಣ್ಣಿನಲ್ಲಿಟ್ಟು ದನಿ ಕೇಳಿಕೊಳ್ಳಬೇಕು. ಬಿದ್ದಿರಬಹುದಾದ ಜಾಗವನ್ನು ಹಗ್ಗ ಕಟ್ಟಿ ಪಟ್ಟಿಗಳಾಗಿ ಹಂಚಿ, ಸುರುಳಿಯನ್ನು ನೆಲಕ್ಕೆ ಸಮನಾಗಿ ನಿಧಾನವಾಗಿ ಆಡಿಸಬೇಕು. ಎರಡು ದಿಕ್ಕಿನಿಂದಲೂ ಕೂಗಿದ ಕಡೆ ಮಾತ್ರ ಅಗೆಯಬೇಕು.

ಹಳೆಯ ನಿಧಿಯ ಮಾತೇ ಬೇರೆ. 2021ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೆಂಬರ್ತಿಯಲ್ಲಿ ಜಮೀನು ಸಮ ಮಾಡುವಾಗ ಬಿಂದಿಗೆಯಲ್ಲಿ ಚಿನ್ನ, ಬೆಳ್ಳಿಯ ಒಡವೆಗಳು ಸಿಕ್ಕವು. ಅಧಿಕಾರಿಗಳು ಅವನ್ನು ವಶಕ್ಕೆ ಪಡೆದರು. 1878ರ ಭಾರತೀಯ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯಿದೆ. ಸಂರಕ್ಷಿತ ಗುಡಿ, ಕೋಟೆಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.

ಯಂತ್ರ ತಂದವರು ‘ಯಾರಿಗೂ ಹೇಳಬೇಡಿ’ ಎಂದರೆ, ಮಾತನ್ನು ಅಲ್ಲಿಗೇ ಮುಗಿಸುವುದು ಲೇಸು.